ಮುಂಡಗೋಡಿನ ಹುಡುಗಿಗೆ ಮನೆ ಬಾಡಿಗೆಗೆ ಕೊಟ್ಟದ್ದು

2023ರ ಮೇ ಕೊನೆಗೆ ನಮ್ಮ ಮಾಳಿಗೆ ಮನೆ ಖಾಲಿಯಾಯಿತು. ಅಲ್ಲಿದ್ದ ಬ್ಯಾಂಕಿನವರಿಗೆ ಬೆಳಗಾವಿಗೆ ಟ್ರಾನ್ಸ್‌ಫರ್ ಆಗಿತ್ತು. ಕಾರವಾರದಲ್ಲಿ ಬಾಡಿಗೆಗೆ ಜನ ಸಿಗುವುದು ಕಷ್ಟವಲ್ಲ. ನೇವಿಯವರು, ಕೈಗಾದವರು, ಮೆಡಿಕಲ್ ಕಾಲೇಜಿನವರು, ಯಾರಾದರೂ ಕೇಳಿಕೊಂಡು ಬರುತ್ತಾರೆ. ಮಳೆ ಹಿಡಿಯುವ ಮೊದಲೇ ಬಣ್ಣ ಹೊಡೆಸಿ ಗೇಟಿಗೆ ಬೋರ್ಡ್ ಕಟ್ಟಿದೆ.

ಮೂರನೇ ದಿನ ಫೋನ್ ಬಂತು. 'ಅಕ್ಕಾರ, ಮನಿ ಇನ್ನೂ ಖಾಲಿ ಐತೇನ್ರಿ?' ಹುಬ್ಬಳ್ಳಿ, ಮುಂಡಗೋಡ ಕಡೆಯ ಮಾತು. ಇಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಜೊತೆಗೆ ಅವ್ವ ಇರುತ್ತಾಳೆ, ಇಬ್ಬರೇ ಅಂದಳು. ಸಂಜೆ ಬಂದು ನೋಡಮ್ಮಾ ಅಂದೆ.

ಸಂಜೆ ಗೇಟು ತೆಗೆದರೆ ಎದುರಿಗೆ ಟಿಬೆಟಿಯನ್ ಹುಡುಗಿ. ಒಂದು ಕ್ಷಣ ನಾನು ಅವಳ ಹಿಂದೆ ನೋಡಿದೆ, ಫೋನ್ ಮಾಡಿದವಳು ಎಲ್ಲಿ ಅಂತ. ಅವಳಿಗೆ ಅದು ಗೊತ್ತಾಯಿತು. 'ನಾನೇ ರೀ ಫೋನ್ ಮಾಡಿದ್ದು' ಅಂದಳು. ಮುಂಡಗೋಡದ ಟಿಬೆಟಿಯನ್ ನಿರಾಶ್ರಿತರ ಕಾಲೋನಿಯವಳು. ಮುಂದೆ ಊರಿನವರ ಬಗ್ಗೆ ಹೇಳುವುದಿದೆ, ನನ್ನದನ್ನು ಮುಚ್ಚಿಟ್ಟು ಅವರದ್ದನ್ನು ಮಾತ್ರ ಹೇಳುವುದು ಸರಿಯಲ್ಲ ಅಲ್ವಾ, ಅದಕ್ಕೇ ಇದನ್ನು ಮೊದಲು ಬರೆದೆ.

ನಮ್ಮದಕ್ಕಿಂತ ಮೊದಲು ಏಳು ಮನೆ ನೋಡಿದ್ದಳಂತೆ. ಫೋನಿನಲ್ಲಿ ಎಲ್ಲರೂ ಬನ್ನಿ ಅಂದವರೇ. ಮುಖ ನೋಡಿದ ಮೇಲೆ ಒಬ್ಬರು 'ನಿನ್ನೆಯಷ್ಟೇ ಕೊಟ್ಟಾಯಿತು' ಅಂದರು, ಇನ್ನೊಬ್ಬರು ಅಡ್ವಾನ್ಸ್ ಎರಡು ಪಟ್ಟು ಮಾಡಿದರು, ಮತ್ತೊಬ್ಬರು ಪೊಲೀಸ್ ರಗಳೆ ನಮಗೆ ಬೇಡ ಅಂತ ನೇರವಾಗೇ ಹೇಳಿದರು. ಇದನ್ನೆಲ್ಲ ಅವಳು ದೂರಿನ ಹಾಗೆ ಹೇಳಲಿಲ್ಲ. ಬಸ್ ತಪ್ಪಿದ್ದನ್ನು ಹೇಳುವಷ್ಟು ಸಹಜವಾಗಿ ಹೇಳಿದಳು. ನನಗೆ ಅದೇ ಜಾಸ್ತಿ ನೋವಾಯಿತು. ಆದರೆ ನಾನೂ ಆಗ ಹೂಂ ಅನ್ನಲಿಲ್ಲ. ಮನೆಯಲ್ಲಿ ಕೇಳಿ ನಾಳೆ ಹೇಳುತ್ತೇನೆ ಅಂದೆ.

ನಮ್ಮ ಮನೆಯಲ್ಲಿ ನಾನು, ನನ್ನ ಯಜಮಾನರು, ಮಗ, ನನ್ನ ಆಯಿ, ಅಂದರೆ ತಾಯಿ. ಯಜಮಾನರಿಗೆ ಗೋವಾದ ವೆರ್ಣಾದಲ್ಲಿ ಕೆಲಸ. ಬೆಳಿಗ್ಗೆ ಕತ್ತಲೆ ಇರುವಾಗಲೇ ರೈಲು ಹತ್ತುತ್ತಾರೆ, ನಮ್ಮ ಕಾರವಾರದಿಂದ ಹಾಗೆ ದಿನಾ ಹೋಗಿ ಬರುವವರು ಬಹಳ ಜನ ಇದ್ದಾರೆ. ರಾತ್ರಿ ಊಟಕ್ಕೆ ಕೂತಾಗ ವಿಷಯ ಹೇಳಿದೆ. ಅವರು ಮೀನಿನ ಮುಳ್ಳು ಬಿಡಿಸುತ್ತಾ 'ಕೊಡು' ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಕೆಲಸಕ್ಕೆ ಸೇರಿದ ಹೊಸದರಲ್ಲಿ ವಾಸ್ಕೋದಲ್ಲಿ ರೂಮ್ ಹುಡುಕಿದ ಕಥೆ ಹೇಳಿದರು. ಗೋವಾದಲ್ಲಿ ಕರ್ನಾಟಕದವರನ್ನು ಘಾಟಿ ಅನ್ನುತ್ತಾರೆ, ಘಟ್ಟದ ಮೇಲಿನವರು ಅಂತ. ಇವರು ಹುಟ್ಟಿದ್ದು ಸಮುದ್ರದ ದಂಡೆಯಲ್ಲಿ, ಮಾತಾಡುವುದು ಕೊಂಕಣಿ, ಆದರೂ ಆಧಾರ್ ಕಾರ್ಡಿನಲ್ಲಿ ಕರ್ನಾಟಕ ಅಂತ ಕಂಡ ಕೂಡಲೇ ಘಾಟಿ ಆಗಿಬಿಟ್ಟರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಅವರು ಇದನ್ನು ಹೇಳಿರಲೇ ಇಲ್ಲ.

ಮರುದಿನ ಹುಡುಗಿಗೆ ಹೂಂ ಅಂದೆ. ಸುದ್ದಿ ಓಣಿಗೆ ಹೋಗಲು ಅರ್ಧ ದಿನ ಸಾಕಾಯಿತು.

ನಮ್ಮ ಓಣಿಯವರು ಕೆಟ್ಟವರಲ್ಲ. ಕೋವಿಡ್ ಬಂದಾಗ ನಮ್ಮ ಮನೆ ಬಾಗಿಲಿಗೆ ಹಾಲು, ತರಕಾರಿ ತಂದಿಟ್ಟವರು ಇವರೇ. ಅದಕ್ಕೇ ಅವರು ಹೇಳಿದ್ದನ್ನು ನಾನು ತಳ್ಳಿಹಾಕದೆ ಕೇಳಿಸಿಕೊಂಡೆ. ಎದುರು ಮನೆಯ ವೈನಿ 'ಟೀಚರೇ, ಒಬ್ಬರು ಬಂದರೆ ಹಿಂದಿನಿಂದ ಹತ್ತು ಜನ ಬರ್ತಾರೆ' ಅಂದಳು. ಮೂಲೆ ಅಂಗಡಿಯವರಿಗೆ ಸಿಟ್ಟಿದ್ದದ್ದು ಸರ್ಕಾರದ ಮೇಲೆ, ಮುಂಡಗೋಡದ ಟಿಬೆಟಿಯನ್ನರಿಗೆ ಸಾವಿರಾರು ಎಕರೆ ಕೊಟ್ಟರು, ನಮ್ಮ ಅತಿಕ್ರಮಣದ ಜಾಗಕ್ಕೆ ಇನ್ನೂ ಪಟ್ಟಾ ಇಲ್ಲ ಅಂತ. ಪಕ್ಕದ ಮನೆಯ ನಿವೃತ್ತ ಮಾಸ್ತರರದ್ದು ಬೇರೆ. 'ಇವತ್ತು ಟಿಬೆಟಿನವರು, ನಾಳೆ ಬಾಂಗ್ಲಾದವರು, ನಾಡಿದ್ದು ರೋಹಿಂಗ್ಯಾ. ಪಕ್ಕದಲ್ಲೇ ನೌಕಾನೆಲೆ ಇದೆ, ಆ ಕಡೆ ಕೈಗಾ ಇದೆ. ನಿರಾಶ್ರಿತರಿಗೆ ಈ ಊರಿನಲ್ಲಿ ಮನೆ ಕೊಡುವಾಗ ಯೋಚನೆ ಮಾಡಬೇಕು' ಅಂದರು.

ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದ ಆಯಿ ಕೈ ನಿಲ್ಲಿಸಿದಳು.

'ಮಾಸ್ತರೇ, ನಾವೂ ನಿರಾಶ್ರಿತರೇ ಅಲ್ಲವಾ?'

ಮಾಸ್ತರರು 'ಛೆ, ನಿಮ್ಮದು ಹಾಗಲ್ಲ ಆಯೀ' ಅಂದರು. ಅವರು ಮನಸ್ಸಿನಿಂದಲೇ ಹೇಳಿದ್ದು. ಆದರೆ ಆಯಿ ಎದ್ದು ಒಳಗೆ ಹೋದಳು.

ನಮ್ಮ ಊರು ಅರ್ಗಾದ ಬದಿಗಿತ್ತು. ಅಲ್ಲಿ ಈಗ ಹೋಗಲು ಬರುವುದಿಲ್ಲ, ಅದು ನೌಕಾನೆಲೆಯ ಬೇಲಿಯ ಒಳಗಿದೆ. ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್‌ಎಸ್ ಕದಂಬ ಅನ್ನುವ ಹೆಸರಿನಲ್ಲಿ ನೆಲೆ ಶುರುವಾಯಿತು. ನಡುವೆ ಎಷ್ಟೋ ವರ್ಷ ನಮ್ಮ ಕರಾವಳಿಯ ಹಳ್ಳಿಗಳು ಇವತ್ತು ಏಳಿಸುತ್ತಾರೆ, ನಾಳೆ ಏಳಿಸುತ್ತಾರೆ ಅಂತ ಕಾಯುತ್ತಲೇ ಇದ್ದವು. ಹೊಸ ಮನೆ ಕಟ್ಟುವ ಹಾಗಿಲ್ಲ, ಹಳೆಯದನ್ನು ರಿಪೇರಿ ಮಾಡಿಸಲು ಮನಸ್ಸಿಲ್ಲ. ಕೊನೆಗೆ ಏಳಿಸಿದಾಗ ನಾನು ಕಾಲೇಜಿನಲ್ಲಿದ್ದೆ, ತಮ್ಮ ಹೈಸ್ಕೂಲಿನಲ್ಲಿದ್ದ. ಪುನರ್ವಸತಿ ಕಾಲೋನಿಗೆ ಬಂದ ಮೇಲೆ ನಮಗೆ ಬಂದ ಹೆಸರು ಅದು, ಸೀಬರ್ಡ್ ನಿರಾಶ್ರಿತರು. ಪೇಪರಿನಲ್ಲೂ ಅದೇ, ಆಫೀಸಿನಲ್ಲೂ ಅದೇ, ಈಗಲೂ ಅದೇ. ತಮ್ಮನ ಶಾಲೆಯಲ್ಲಿ ಅಲ್ಲಿನ ಊರಿನ ಮಕ್ಕಳು 'ನಿರಾಶ್ರಿತರ ಹುಡುಗ' ಅನ್ನುತ್ತಿದ್ದರು. ನಳದ ನೀರಿಗೆ ಜಗಳವಾದರೆ 'ನೀವು ಬಂದ ಮೇಲೇ ನೀರು ಕಡಿಮೆಯಾಯಿತು' ಅನ್ನುವ ಮಾತು ಬರುತ್ತಿತ್ತು. ನಾವು ಅಲ್ಲಿಗೆ ಬಂದದ್ದು ಹತ್ತಿಪ್ಪತ್ತು ಕಿಲೋಮೀಟರ್ ಆಚೆಯಿಂದ! ಅದೇ ತಾಲೂಕು, ಅದೇ ಭಾಷೆ, ಅದೇ ದೇವರು. ಹೀಗಿದ್ದೂ ಎರಡು ಮೂರು ವರ್ಷ ನಮ್ಮನ್ನು ಮದುವೆಗೆ ಕರೆಯುತ್ತಿರಲಿಲ್ಲ.

ಹಾಗಾಗಿ ಮಾಸ್ತರರ ಮಾತಿನಲ್ಲಿ ಆಯಿಗೆ ಕೇಳಿಸಿದ್ದು ಟಿಬೆಟಿಯನ್ನರ ವಿಷಯ ಅಲ್ಲ.

ಇನ್ನು ಕಾಗದದ ಕೆಲಸ. ನನ್ನ ಹಾಗೆ ಯಾರಾದರೂ ಮನೆ ಕೊಡುವವರಿದ್ದರೆ ಗೊತ್ತಿರಲಿ ಅಂತ ಇದನ್ನು ಬಿಡಿಸಿ ಬರೆಯುತ್ತೇನೆ. ಏಳು ಮನೆಯವರು ಹೆದರಿದ್ದು ಮುಖ್ಯವಾಗಿ ಇದಕ್ಕೇ ಅಂತ ನನಗೆ ಆಮೇಲೆ ತಿಳಿಯಿತು.

ಹುಡುಗಿ ಮುಂಡಗೋಡದಲ್ಲೇ ಹುಟ್ಟಿದವಳು, ಆದರೂ ಕಾನೂನಿನಲ್ಲಿ ಅವಳು ವಿದೇಶಿ. ನಮ್ಮ ದೇಶದಲ್ಲಿ ನಿರಾಶ್ರಿತರಿಗೆ ಅಂತಲೇ ಒಂದು ಕಾಯ್ದೆ ಇಲ್ಲ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಗ ಇದ್ದದ್ದು 1946ರ ವಿದೇಶಿಯರ ಕಾಯ್ದೆ, ಬ್ರಿಟಿಷರ ಕಾಲದ್ದು. 2025ರಲ್ಲಿ ಅದನ್ನು ತೆಗೆದು ಹೊಸ ಕಾಯ್ದೆ ತಂದರು, ಅದರಲ್ಲೂ ನಿರಾಶ್ರಿತರು ಅಂದರೆ ಯಾರು ಅಂತ ಹೇಳಿಲ್ಲ. ಅಂದರೆ ಗೋಕರ್ಣಕ್ಕೆ ಹದಿನೈದು ದಿನಕ್ಕೆ ಬರುವ ಫ್ರಾನ್ಸಿನವರೂ, ಮುಂಡಗೋಡದಲ್ಲಿ ಹುಟ್ಟಿ ಅಲ್ಲೇ ಕನ್ನಡ ಕಲಿತ ಈ ಹುಡುಗಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಟಿಬೆಟಿಯನ್ನರಿಗೆ ಪಾಸ್‌ಪೋರ್ಟ್, ವೀಸಾ ಬದಲು ಆರ್‌ಸಿ ಅಂತ ಇರುತ್ತದೆ, ನೋಂದಣಿ ಪ್ರಮಾಣಪತ್ರ. ಅದನ್ನು ಆಗಾಗ ನವೀಕರಿಸುತ್ತಾ ಇರಬೇಕು. ಊರು ಬಿಟ್ಟು ಬೇರೆ ಕಡೆ ವಾಸಕ್ಕೆ ಹೋದರೆ ತಿಳಿಸಬೇಕು. ಮನೆ ಕೊಟ್ಟವರೂ ತಿಳಿಸಬೇಕು. ಬಾಡಿಗೆಗೆ ಇರಲು ಅಡ್ಡಿ ಏನೂ ಇಲ್ಲ.

ಗೋಕರ್ಣದಲ್ಲಿ ಹೋಮ್‌ಸ್ಟೇ ಇಟ್ಟಿರುವ ನನ್ನ ಗೆಳತಿ ಧೈರ್ಯ ಹೇಳಿದಳು. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ಸಿ ತುಂಬಿ ಪೊಲೀಸರಿಗೆ ಕಳಿಸುವುದು ಆಗ ಅವಳಿಗೆ ದಿನಾ ಹಾಲು ಕಾಯಿಸಿದಷ್ಟೇ ಅಭ್ಯಾಸವಾಗಿತ್ತು. 'ಅದರಲ್ಲೇನಿದೆ, ಕಾಗದ ಸರಿಯಾಗಿ ಕೊಟ್ಟರೆ ಯಾರೂ ಏನೂ ಕೇಳೋದಿಲ್ಲ. ಮುಚ್ಚಿಟ್ಟರೆ ಮಾತ್ರ ತೊಂದರೆ' ಅಂದಳು.

ಮೊದಲು ಕರಾರು. ಹನ್ನೊಂದು ತಿಂಗಳಿಗೆ, ಎಲ್ಲರಿಗೂ ಮಾಡುವ ಹಾಗೆಯೇ. ನೋಟರಿಯವರು ಹುಡುಗಿಯ ಹೆಸರು ನೋಡಿ ಪೆನ್ನು ಕೆಳಗಿಟ್ಟರು. 'ಅಡ್ಡಹೆಸರು ಏನು?' ಅಡ್ಡಹೆಸರು ಇಲ್ಲ. ಎರಡೂ ಅವಳದ್ದೇ ಹೆಸರು. ಮೊದಲನೆಯದು ತೆನ್‌ಜಿನ್. ದಲೈ ಲಾಮಾ ಅವರ ಹೆಸರು ತೆನ್‌ಜಿನ್ ಗ್ಯಾತ್ಸೊ, ಅವರಿಂದ ಹೆಸರಿಡಿಸಿಕೊಂಡ ಮಕ್ಕಳಿಗೆಲ್ಲ ಅದು ಸೇರುತ್ತದೆ, ಹಾಗಾಗಿ ಅವಳ ಕ್ಲಾಸಿನಲ್ಲಿ ಅರ್ಧಕ್ಕೂ ಜಾಸ್ತಿ ತೆನ್‌ಜಿನ್‌ಗಳೇ ಇದ್ದರಂತೆ. ತಾಯಿಯ ಹೆಸರಿಗೂ ಮಗಳ ಹೆಸರಿಗೂ ಒಂದು ಅಕ್ಷರ ಕೂಡ ಹೊಂದುವುದಿಲ್ಲ. ಇವರು ತಾಯಿ ಮಗಳು ಅನ್ನುವುದಕ್ಕೆ ಏನು ಆಧಾರ ಅಂತ ನೋಟರಿ ಕೇಳಿದರು. ಆರ್‌ಸಿಯಲ್ಲಿ ಬರೆದದ್ದನ್ನು ತೋರಿಸಿದೆವು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ಓದಿದರು. ಆಮೇಲೆ ಚೆನ್ನಾಗಿಯೇ ಮಾಡಿಕೊಟ್ಟರು.

ಆಮೇಲೆ ಪೊಲೀಸರಿಗೆ ತಿಳಿಸುವುದು. ಇದಕ್ಕೆ ನಾಲ್ಕು ಸಲ ಓಡಾಡಿದೆವು. ಮೊದಲ ಸಲ ಹೋದಲ್ಲಿ ಇದು ನಮ್ಮದಲ್ಲ ಅಂದರು. ಎರಡನೇ ಸಲ ಹೋದಲ್ಲಿ ಸಂಬಂಧಪಟ್ಟವರು ಬಂದೋಬಸ್ತಿಗೆ ಹೋಗಿದ್ದರು. ಮೂರನೇ ಸಲ ಅರ್ಜಿಯ ಜೊತೆ ಮನೆ ತೆರಿಗೆಯ ರಸೀದಿ ಬೇಕು ಅಂದರು, ಅದನ್ನು ಮೊದಲೇ ಹೇಳಬಹುದಿತ್ತು. ಕೊನೆಗೆ ಕೊಟ್ಟದ್ದು ಇಷ್ಟು: ನನ್ನ ಅರ್ಜಿ, ಅವರ ಅರ್ಜಿ, ಕರಾರಿನ ಜೆರಾಕ್ಸ್, ಇಬ್ಬರ ಆರ್‌ಸಿ ಜೆರಾಕ್ಸ್, ನನ್ನ ಆಧಾರ್, ತೆರಿಗೆ ರಸೀದಿ, ಫೋಟೋ, ಆಸ್ಪತ್ರೆಯವರು ಬರೆದುಕೊಟ್ಟ ಕೆಲಸದ ಪತ್ರ. ಜೂನಿನ ಮಳೆ ಜಡಿಯುತ್ತಿತ್ತು. ಕಾಗದಗಳಿಗೆ ಮೂರು ಪ್ಲಾಸ್ಟಿಕ್ ಕವರು ಸುತ್ತಿ, ಹುಡುಗಿ ಅದನ್ನು ರೇನ್‌ಕೋಟಿನ ಒಳಗೆ ಎದೆಗೆ ಒತ್ತಿ ಹಿಡಿದು ನನ್ನ ಸ್ಕೂಟಿಯ ಹಿಂದೆ ಕೂರುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಹಾಗೆಯೇ ಬರುತ್ತಿದ್ದಳು, ನಿದ್ದೆ ಇಲ್ಲ.

ನಾಲ್ಕನೇ ಸಲ ಮೇಜಿನ ಹಿಂದೆ ಇದ್ದ ರೈಟರ್ ವಯಸ್ಸಾದವರು. ಅರ್ಜಿಯ ಮೇಲೆ ಬೆರಳು ಇಟ್ಟುಕೊಂಡು ಒಂದೊಂದೇ ಸಾಲು ಓದಿದರು. ಒಂದು ಕಡೆ ನಿಂತರು. ರಾಷ್ಟ್ರೀಯತೆ ಅಂತ ಇದ್ದಲ್ಲಿ ಹುಡುಗಿ ಟಿಬೆಟಿಯನ್ ಅಂತ ಬರೆದಿದ್ದಳು, ಆರ್‌ಸಿಯಲ್ಲಿ ಇದ್ದ ಹಾಗೆ. ಹುಟ್ಟಿದ ಊರು ಅಂತ ಇದ್ದಲ್ಲಿ ಮುಂಡಗೋಡ, ಉತ್ತರ ಕನ್ನಡ.

'ನಮ್ಮ ಜಿಲ್ಲೆಯಾಗೇ ಹುಟ್ಟೀರಿ, ಮತ್ತ ಇದು?' ಅಂತ ಅವರು ಕೇಳಿದರು. ಅವರೂ ಧಾರವಾಡ ಕಡೆಯವರು.

'ಹೌದ್ರೀ ಸರ್. ನಮ್ಮ ಅಣ್ಣ 86ರಾಗ ಹುಟ್ಟ್ಯಾನ. ನಾನು 96ರಾಗ.'

ನನಗೆ ಇದು ಅರ್ಥವಾಗಲಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ ಬಿಡಿಸಿ ಹೇಳಿದಳು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಅಂತ ನಿಯಮ ಬಂತು. ಒಂದೇ ತಾಯಿ, ಒಂದೇ ಮನೆ, ಅಣ್ಣ ಬೇಕೆಂದರೆ ಭಾರತೀಯ, ತಂಗಿ ವಿದೇಶಿ. ಟಿಬೆಟಿಯನ್ನರಿಗೂ ಈ ಕಾಯ್ದೆ ಹೊಂದುತ್ತದೆ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆದರೂ ಅಣ್ಣ ಭಾರತದ ಪಾಸ್‌ಪೋರ್ಟ್ ಮಾಡಿಸಿಲ್ಲ. 2017ರಲ್ಲಿ ಸರ್ಕಾರ ಹಾಕಿದ ಷರತ್ತಿನಂತೆ ಪಾಸ್‌ಪೋರ್ಟ್ ಬೇಕಾದವರು ಆರ್‌ಸಿ ವಾಪಸ್ ಕೊಡಬೇಕು, ಟಿಬೆಟಿಯನ್ ಕಾಲೋನಿಯಲ್ಲಿ ವಾಸ ಬಿಡಬೇಕು. ಅಣ್ಣ ಅಲ್ಲೇ ಗೋವಿನ ಜೋಳ ಬೆಳೆಯುತ್ತಾನೆ. ಕಾಲೋನಿ ಬಿಟ್ಟು ಎಲ್ಲಿಗೆ ಹೋಗುತ್ತಾನೆ?

ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿದ್ದೇನೆ, ಪೌರತ್ವದ ಅಧ್ಯಾಯವನ್ನು ಪ್ರತಿ ವರ್ಷ ಮಾಡುತ್ತೇನೆ. ಆ ಚಹಾ ಅಂಗಡಿಯಲ್ಲಿ ಕೂತಾಗ ನನಗೆ ತಿಳಿದದ್ದು ಎಷ್ಟು ಕಡಿಮೆ ಅನ್ನಿಸಿತು.

ಸ್ವೀಕೃತಿಯ ಸೀಲು ಬಿದ್ದ ಪ್ರತಿ ಕೈಗೆ ಬಂದಾಗ ನನಗಾದ ಸಮಾಧಾನ ಹೇಳಲಾರೆ. ಅದರ ಒಂದು ಜೆರಾಕ್ಸ್ ತೆಗೆದುಕೊಂಡು ಹೋಗಿ ಮಾಸ್ತರರಿಗೇ ಕೊಟ್ಟೆ. ಅವರನ್ನು ಬಾಯಿ ಮುಚ್ಚಿಸಲು ಅಲ್ಲ. ಅವರ ಹೆದರಿಕೆಯಲ್ಲಿ ನ್ಯಾಯವೂ ಇತ್ತು. ಯಾರು ಬಂದು ಉಳಿದಿದ್ದಾರೆ ಅಂತ ಊರಿಗೆ ಗೊತ್ತಿರಬೇಕು, ಅದರಲ್ಲೂ ನಮ್ಮಂಥ ಊರಿನಲ್ಲಿ. ಕಾಗದ ಕೇಳುವುದು ಅವಮಾನ ಅಲ್ಲ. ಕಾಗದ ಎಲ್ಲ ಸರಿ ಇದ್ದ ಮೇಲೂ ಮುಖ ನೋಡಿ ಬಾಗಿಲು ಹಾಕುವುದು ಅವಮಾನ. ಇವೆರಡನ್ನು ಬೇರೆ ಬೇರೆ ಮಾಡಿಯೇ ನೋಡಬೇಕು ಅಂತ ನಾನು ಈಗಲೂ ಹೇಳುತ್ತೇನೆ. ಬೈತಕೋಲ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಬರುವ ಒಡಿಶಾ, ಜಾರ್ಖಂಡದ ಹುಡುಗರನ್ನು ನಮ್ಮವರು ಬಾಂಗ್ಲಾ ಅನ್ನುತ್ತಾರೆ, ಅವರ ಜೇಬಿನಲ್ಲಿ ವೋಟರ್ ಕಾರ್ಡ್ ಇದ್ದರೂ. ನನ್ನ ಶಾಲೆಯಲ್ಲಿ ಓದಿದ ಯಲ್ಲಾಪುರದ ಸಿದ್ದಿ ಹುಡುಗಿಯೊಬ್ಬಳು ಕಾರವಾರದ ಬೀಚಿನಲ್ಲಿ ನಿಂತಿದ್ದಾಗ ಯಾರೋ ಬಂದು ಇಂಗ್ಲಿಷಿನಲ್ಲಿ ಯಾವ ದೇಶ ಅಂತ ಕೇಳಿದರಂತೆ. ಸಿದ್ದಿಗಳನ್ನು ಪೋರ್ಚುಗೀಸರು ಆಫ್ರಿಕಾದಿಂದ ಹಿಡಿದು ತಂದು ಎಷ್ಟೋ ತಲೆಮಾರು ಕಳೆದಿವೆ, 2003ರಿಂದ ನಮ್ಮ ಜಿಲ್ಲೆಯಲ್ಲಿ ಅವರು ಪರಿಶಿಷ್ಟ ಪಂಗಡ. ಆ ಮಗು ಕಣ್ಣೀರು ಹಾಕಿಕೊಂಡು ಇದನ್ನು ನನಗೆ ಹೇಳಿದ್ದು ನೆನಪಿದೆ. ಇಲ್ಲೆಲ್ಲ ಕೇಳಿದ್ದು ಕಾಗದವನ್ನಲ್ಲ, ಕಾಗದ ತೋರಿಸುವ ಅವಕಾಶವನ್ನೂ ಕೊಟ್ಟಿಲ್ಲ.

ಮತ್ತೆ ನಾವು ಯಾರು? ಕಾರವಾರದ ಕೊಂಕಣಿಗರಲ್ಲಿ ಬಹಳ ಜನರ ಕುಲದೇವರು ಇವತ್ತಿಗೂ ಗೋವಾದಲ್ಲಿದ್ದಾನೆ. ಪೋರ್ಚುಗೀಸರ ಕಾಟಕ್ಕೆ ಕಾಳಿ ನದಿ ದಾಟಿ ಬಂದವರು. ಮಾಸ್ತರರ ಮನೆಯವರೂ ವರ್ಷಕ್ಕೊಮ್ಮೆ ಕಾರು ಮಾಡಿಕೊಂಡು ಗೋವಾಕ್ಕೆ ಹೋಗಿ ಕುಲದೇವರ ಪೂಜೆ ಮಾಡಿಸಿ ಬರುತ್ತಾರೆ. ಇದನ್ನು ಅವರಿಗೆ ಒಂದು ಸಲ ಹೇಳಿದೆ. ಅವರು 'ಅದು ನಾನೂರು ವರ್ಷದ ಮಾತು' ಅಂದರು. ಹಾಗಾದರೆ ಎಷ್ಟು ವರ್ಷ ಆಗಬೇಕು ಮಾಸ್ತರೇ ಅಂದೆ. ಅವರು ಉತ್ತರ ಕೊಡಲಿಲ್ಲ, ನಾನೂ ಮುಂದೆ ಕೇಳಲಿಲ್ಲ.

ಜೂನ್ ಕೊನೆಗೆ ತಾಯಿ ಮಗಳು ಬಂದರು. ಸಾಮಾನು ಜಾಸ್ತಿ ಇರಲಿಲ್ಲ. ಟಿಬೆಟಿಯನ್ ಮಾತಿನಲ್ಲಿ ತಾಯಿಗೆ ಆಮಾ, ಗೌರವಕ್ಕೆ ಲಾ ಸೇರಿಸಿ ಆಮಾಲಾ. ನಮ್ಮ ಮನೆಯಲ್ಲಿ ಆಯಿ. ಕೆಳಗೆ ಆಯಿ, ಮೇಲೆ ಆಮಾ.

ಮೊದಲ ಜಗಳ ಮೀನಿನದ್ದು. ಟಿಬೆಟಿನ ಹಳಬರು ಮೀನು ಮುಟ್ಟುವವರಲ್ಲ. ಆಮಾಗೆ ಒಣಮೀನಿನ ವಾಸನೆ ತಡೆಯಲು ಆಗುತ್ತಿರಲಿಲ್ಲ. ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಆಯಿ ಎಂದಿನಂತೆ ಟೆರೇಸಿನಲ್ಲಿ ಸೀಗಡಿ, ಬಾಂಗಡೆ ಹರಡಿದಳು. ಅದು ಸರಿಯಾಗಿ ಆಮಾಳ ಅಡುಗೆಮನೆಯ ಕಿಟಕಿಯ ಎದುರು. ಆಮಾ ಮೂರು ದಿನ ಕಿಟಕಿ ಮುಚ್ಚಿಕೊಂಡು ಸೆಕೆಯಲ್ಲಿ ಕೂತಳು, ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಹುಡುಗಿ ಬಂದು ಬಹಳ ಸಂಕೋಚದಿಂದ ಹೇಳಿದಳು. ಆಯಿಗೆ ಮೊದಲು ಸಿಟ್ಟು ಬಂತು. 'ನನ್ನ ಮನೆಯಲ್ಲಿ ನಾನು ಮೀನು ಒಣಗಿಸಬಾರದಾ' ಅಂದಳು. ಎರಡು ದಿನ ಮೇಲೆ ಹೋಗಲಿಲ್ಲ. ಆಮೇಲೆ ತಾನೇ ಚಾಪೆ ಎಳೆದು ಹಿಂದಿನ ಮೂಲೆಗೆ, ನೀರಿನ ಟಾಂಕಿಯ ಆಚೆ ಹಾಕಿದಳು. ಯಾಕೆ ಅಂತ ಕೇಳಿದರೆ ಅಲ್ಲಿ ಬಿಸಿಲು ಜಾಸ್ತಿ ಅಂದಳು. ಬಿಸಿಲು ಎರಡೂ ಕಡೆ ಒಂದೇ.

ನಾನು ಹೇಳಬೇಕು ಅಂದುಕೊಂಡದ್ದು ಮುಖ್ಯವಾಗಿ ಮುಂದಿನದ್ದು.

ಡಿಸೆಂಬರಿನಲ್ಲಿ ಆಮಾಳ ಆರ್‌ಸಿಯ ಏನೋ ಒಂದು ಕೆಲಸಕ್ಕೆ ಹಳೆಯ ಕಾಗದಗಳೆಲ್ಲ ಬೇಕಾಗಿದ್ದವು. ಭಾನುವಾರ ಮಧ್ಯಾಹ್ನ. ಆಮಾ ಕೆಂಪು ಬಟ್ಟೆಯ ಗಂಟೊಂದನ್ನು ತಂದು ನಮ್ಮ ಜಗಲಿಯಲ್ಲಿ ಬಿಚ್ಚಿದಳು, ಮಗಳು ಡ್ಯೂಟಿಯಲ್ಲಿದ್ದಳು, ಓದಲು ನಾನು ಬೇಕಿತ್ತು. ಹಳೆಯ ಪುಸ್ತಿಕೆಗಳು. ಅಂಚು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಪುಟ ಪುಟಕ್ಕೆ ಸೀಲು, ತಾರೀಖು, ಸಹಿ, ಮತ್ತೆ ಸೀಲು. ಒಂದರಲ್ಲಿ ಎರಡು ಜಡೆಯ ಹುಡುಗಿಯ ಫೋಟೋ, ನೋಡಿದರೆ ಮಗಳೇ ಅನ್ನಬೇಕು. ಆಮಾ 1958ರಲ್ಲಿ ಹುಟ್ಟಿದವಳು. ಮರುವರ್ಷ ದಲೈ ಲಾಮಾ ಟಿಬೆಟ್ ಬಿಟ್ಟು ಬಂದರಲ್ಲ, ಆ ಹೊತ್ತಿನಲ್ಲೇ ಇವಳ ತಂದೆ ಇವಳನ್ನು ಬೆನ್ನಿಗೆ ಕಟ್ಟಿಕೊಂಡು ಹಿಮ ದಾಟಿದ್ದು. ಆಮೇಲೆ ತಂದೆ ತಾಯಿ ಹಿಮಾಚಲದಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದರು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟಿಯನ್ ಕಾಲೋನಿ ಶುರುವಾಯಿತು, ಇವರು ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಬಂದು ಅಲ್ಲಿಗೆ ಸೇರಿಕೊಂಡರು. ಕಾಡು, ಮಳೆ, ಜ್ವರ. ಸೆಕೆ ತಾಳಲಾರದೆ ಅಜ್ಜಿ ಮೊದಲ ವರ್ಷವೇ ಹೋಗಿಬಿಟ್ಟಳಂತೆ. ಇದನ್ನೆಲ್ಲ ಆಮಾ ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಹೇಳಿದಳು, ಕ್ರಿಯಾಪದ ಕಡಿಮೆ, 'ರೀ' ಜಾಸ್ತಿ.

ಆಯಿ ಸುಮ್ನೆ ಕೇಳುತ್ತಾ ಇದ್ದವಳು ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ನಮ್ಮ ಬಿಸ್ಕಿಟ್ ಡಬ್ಬಿ. ಅದರಲ್ಲಿ ಸೀಬರ್ಡಿನ ಕಾಗದಗಳು ಇರುತ್ತವೆ, ನಾವು ಯಾರೂ ಮುಟ್ಟುವ ಹಾಗಿಲ್ಲ. ಭೂಸ್ವಾಧೀನದ ನೋಟಿಸು, ತೆಂಗಿನ ಮರ ಎಣಿಸಿ ಬರೆದ ಪಟ್ಟಿ, ಪರಿಹಾರ ಹೆಚ್ಚಿಸಲು ಕೋರ್ಟಿಗೆ ಹೋದಾಗಿನ ವಕೀಲರ ಪತ್ರ, ವರ್ಷಗಟ್ಟಲೆಯ ರಸೀದಿಗಳು. 4 ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದ ಯೋಜನೆ ಅದು, ಎಲ್ಲರ ಮನೆಯಲ್ಲೂ ಇಂಥ ಒಂದು ಡಬ್ಬಿ ಇದೆ. ಆಯಿ ಮರದ ಪಟ್ಟಿ ತೆಗೆದು ಆಮಾಳ ಮುಂದೆ ಹಿಡಿದಳು. 'ನೋಡು, ಇಪ್ಪತ್ತಮೂರು ತೆಂಗು. ಒಂದು ಹಲಸು. ಬಾವಿ ಒಂದು. ಬಾವಿ ನೀರು ಬೇಸಿಗೆಯಲ್ಲೂ ಸಿಹಿ ಇತ್ತು, ಸಮುದ್ರ ಅಷ್ಟು ಹತ್ತಿರ ಇದ್ದರೂ.' ಅರ್ಧ ಕೊಂಕಣಿ, ಅರ್ಧ ಕನ್ನಡ. ಆಯಿಗೆ ಆ ಪಟ್ಟಿ ಓದಲು ಬರುವುದಿಲ್ಲ. ಎಷ್ಟನೇ ಸಾಲಿನಲ್ಲಿ ಹಲಸು ಇದೆ ಅಂತ ಬಾಯಿಪಾಠ.

ಆಮಾ ಆ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬೆರಳಿನಿಂದ ಸೀಲು ಸವರಿದಳು. ಅವಳಿಗೂ ಕನ್ನಡ ಓದಲು ಬರುವುದಿಲ್ಲ. 'ಹೋಗಿ ನೋಡಬಹುದೇನ್ರಿ?' ಅಂತ ಕೇಳಿದಳು. ಆಯಿ ಇಲ್ಲ ಅಂತ ತಲೆ ಆಡಿಸಿದಳು. 'ನನಗೂ ಇಲ್ರಿ' ಅಂದಳು ಆಮಾ.

ಆಯಿ ಕಳೆದುಕೊಂಡದ್ದೂ ಆಮಾ ಕಳೆದುಕೊಂಡದ್ದೂ ಒಂದೇ ಅಂತ ನಾನು ಹೇಳುತ್ತಿಲ್ಲ. ಒಬ್ಬಳದ್ದು ಹಳ್ಳಿ, ಒಬ್ಬಳದ್ದು ದೇಶ. ಆಯಿಗೆ ವೋಟು ಇದೆ, ಕೋರ್ಟು ಇದೆ, ಪರಿಹಾರ ತಡವಾಗಿಯಾದರೂ ಬಂತು. ಆಮಾ ಕಳೆದುಕೊಂಡದ್ದಕ್ಕೆ ಅದು ಯಾವುದೂ ಇಲ್ಲ. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆದೆ.

ಓಣಿಯಲ್ಲಿ ಆಮೇಲೆ ಏನಾಯಿತು ಅಂತ ಕೇಳಿದರೆ, ಎಲ್ಲರೂ ಬದಲಾದರು ಅಂತ ಹೇಳಲಾರೆ. ಎದುರು ಮನೆಯ ವೈನಿ ಹತ್ತು ಜನ ಬರುತ್ತಾರೆ ಅಂದಿದ್ದಳಲ್ಲ, ಯಾರೂ ಬರಲಿಲ್ಲ, ಲೋಸಾರ್ ಹಬ್ಬಕ್ಕೆ ಇವರೇ ಮುಂಡಗೋಡಕ್ಕೆ ಹೋದರು. ವಾಪಸ್ ಬರುವಾಗ ಎಣ್ಣೆಯಲ್ಲಿ ಕರಿದ ಖಾಪ್ಸೆ ತಂದು ನಾಲ್ಕು ಮನೆಗೆ ಹಂಚಿದರು. ವೈನಿ ಇದು ನಮ್ಮ ಶಂಕರಪಾಳಿಯ ಹಾಗೇ ಇದೆ ಅಂತ ತಿಂದಳು, ಈಗ ಹುಡುಗಿಯ ಜೊತೆ ಚೆನ್ನಾಗಿ ಮಾತಾಡುತ್ತಾಳೆ. ಆದರೆ ಟಿವಿಯಲ್ಲಿ ನಿರಾಶ್ರಿತರ ಸುದ್ದಿ ಬಂದರೆ ಮೊದಲಿನ ಹಾಗೆಯೇ ಬಯ್ಯುತ್ತಾಳೆ. ನಮ್ಮ ಮೇಲಿನ ಮನೆಯವರೂ ಅವರೇ ಅಲ್ವಾ ಅಂದರೆ, 'ಇವರು ಬೇರೆ' ಅನ್ನುತ್ತಾಳೆ. ಈ 'ಇವರು ಬೇರೆ' ಅನ್ನುವ ಮಾತನ್ನು ಮುಂಡಗೋಡ ಪೇಟೆಯಲ್ಲೂ ಕೇಳಿದ್ದೇನೆ. ನಾವು ಅಲ್ಲಿಗೆ ಹೋದಾಗ ಬಟ್ಟೆ ಅಂಗಡಿಯವರು, ಟಿಬೆಟಿಯನ್ ಕ್ಯಾಂಪಿನವರು ಇಲ್ಲದಿದ್ದರೆ ನಮ್ಮ ವ್ಯಾಪಾರ ನಡೆಯೋದಿಲ್ಲ, ಲಾಮಾಗಳು ಒಳ್ಳೇ ಜನ ಅಂದರು. ಬೇರೆ ದೇಶದವರನ್ನು ಒಳಗೆ ಬಿಡಬೇಕಾ ಅಂತ ಕೇಳಿದರೆ ಅವರೇ ಖಡಾಖಂಡಿತ ಬೇಡ ಅಂದರು. ಇದರಲ್ಲಿ ಸುಳ್ಳು ಇಲ್ಲ, ಎರಡೂ ಅವರ ನಿಜವಾದ ಅಭಿಪ್ರಾಯ. ಒಬ್ಬ ಮನುಷ್ಯನ ಬಗ್ಗೆ ಕೇಳಿದಾಗ ಬರುವ ಉತ್ತರ ಬೇರೆ, ಗುಂಪಿನ ಹೆಸರು ಹೇಳಿ ಕೇಳಿದಾಗ ಬರುವ ಉತ್ತರ ಬೇರೆ.

ಮಾಸ್ತರರು ಮಾತ್ರ ಹಾಗೆಯೇ ಇದ್ದಾರೆ. ಹುಡುಗಿ ನಮಸ್ಕಾರ ಅಂದರೆ ನಮಸ್ಕಾರ ಅನ್ನುತ್ತಾರೆ, ಅಷ್ಟೇ. ನಾನು ಕೊಟ್ಟ ಜೆರಾಕ್ಸ್ ಅವರ ಮೇಜಿನ ಡ್ರಾಯರಿನಲ್ಲಿದೆ. ನನಗೆ ಅವರ ಮೇಲೆ ಸಿಟ್ಟಿಲ್ಲ, ಬೇಜಾರಿದೆ.

ಕರಾರು ಎರಡು ಸಲ ನವೀಕರಣ ಆಯಿತು. ಪ್ರತಿ ಸಲವೂ ಹೊಸ ಪ್ರತಿಯನ್ನು ಕೊಟ್ಟು ಬರುತ್ತೇವೆ, ಹುಡುಗಿಗೆ ಈಗ ಎಲ್ಲಿ ಯಾವ ಕಾಗದ ಮೇಲೆ ಇರಬೇಕು ಅಂತ ನನಗಿಂತ ಚೆನ್ನಾಗಿ ಗೊತ್ತು. ಹೋದ ಸಲ ಹೋದಾಗ ಆ ವಯಸ್ಸಾದ ರೈಟರ್ ನಿವೃತ್ತರಾಗಿದ್ದರು. ಹೊಸ ಹುಡುಗ ಇದ್ದ. ಅವನೂ ರಾಷ್ಟ್ರೀಯತೆಯ ಸಾಲಿನಲ್ಲಿ ಬೆರಳಿಟ್ಟು ನಿಂತ. 'ಮುಂಡಗೋಡದಾಗ ಹುಟ್ಟೀನ್ರಿ' ಅಂತ ಅವಳು ಮತ್ತೆ ಮೊದಲಿನಿಂದ ಹೇಳಲು ಶುರು ಮಾಡಿದಳು. ಅವನು ಕುರ್ಚಿ ತೋರಿಸಿ ಕೂತು ಹೇಳಿ ಅಂದ.